ಚೀಟಿ ಇರಲಿ, ಸದ್ದು ತಗ್ಗಲಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಂಥ ಊರುಗಳ ಕಿರಾಣಿ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಸಾಕು. ತೊಗರಿಬೇಳೆ, ಬೆಲ್ಲ, ಸೋಪು ಎಲ್ಲವನ್ನೂ ಅಂಗಡಿಯವರೇ ತೂಗಿ ಕಟ್ಟಿಕೊಡುತ್ತಾರೆ. ಇದು ಹಳೆಯ ಪದ್ಧತಿಯೆಂದು ಬದಿಗೆ ಸರಿಸುವ ಮುನ್ನ ಆಟಿಸಂ, ಎಡಿಎಚ್‌ಡಿ ಇರುವವರ ಕಡೆಯಿಂದ ಒಮ್ಮೆ ನೋಡಬೇಕು. ಕಣ್ಣು ಕಿವಿಗೆ ಒಟ್ಟಿಗೇ ಬಂದು ಬೀಳುವುದನ್ನು ಸೋಸಿಕೊಳ್ಳುವುದು ಇವರಲ್ಲಿ ಅನೇಕರಿಗೆ ಕಷ್ಟ. ಸೂಪರ್ ಮಾರ್ಕೆಟ್ಟಿನ ಹಾಡು, ಸ್ಕ್ಯಾನರಿನ ಬೀಪ್, ಹಣ ಬಂತೆಂದು ಕೂಗುವ ಸೌಂಡ್‌ಬಾಕ್ಸ್, ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಯಾವುದೂ ಹಿಂದೆ ಸರಿಯದೆ ಒಂದೇ ಜೋರಿನಲ್ಲಿ ಕೇಳುತ್ತಿರುತ್ತವೆ. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ; ಬಹಳ ಜನರ ಗಮನಕ್ಕೇ ಬಾರದ ಈ ಮಿನುಗು ಕೆಲವರಿಗೆ ತಲೆನೋವು ತರುತ್ತದೆ. ಹೋದ ವಾರ ಇಲ್ಲಿದ್ದ ಅಕ್ಕಿ ಈ ವಾರ ಬೇರೆ ಸಾಲಿಗೆ ಹೋಗಿದ್ದರಂತೂ ಮನಸ್ಸಿನಲ್ಲಿ ಹಾಕಿಕೊಂಡ ದಾರಿಯೇ ತಪ್ಪುತ್ತದೆ. ಮಗು ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತರೆ ಸುತ್ತಲಿನವರು ಹಟವೆಂದು ತಾಯಿಯನ್ನು ದೂರುತ್ತಾರೆ. ಇದು ಅನ್ಯಾಯ.

ಚೀಟಿಯಿಂದ ಈ ಭಾರ ಬಹಳಷ್ಟು ಇಳಿಯುತ್ತದೆ: ಏನು ಬೇಕೆಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ, ಅಂಗಡಿಯವರ ಮುಖ ಪರಿಚಿತ, ಮಾತು ಕಡಿಮೆ. ಹಾಗೆಂದು ಕಿರಾಣಿ ಅಂಗಡಿಯೊಂದೇ ಸಾಲದು. ಸಂಜೆಯ ಗದ್ದಲದಲ್ಲಿ ಜೋರಾಗಿ ಕೇಳಿದವರಿಗೆ ಸಾಮಾನು ಮೊದಲು ಸಿಗುತ್ತದೆ, ಮಾತು ತೊಡರುವವರು ಹಿಂದೆಯೇ ಉಳಿಯುತ್ತಾರೆ. ಯಾರ ಜೊತೆಗೂ ಮಾತಾಡದೆ, ತಾವೇ ಮುಟ್ಟಿ ನೋಡಿ ಕೊಳ್ಳುವುದು ಕೆಲವರಿಗೆ ದೊಡ್ಡ ಸ್ವಾತಂತ್ರ್ಯ. ಆದ್ದರಿಂದ ಸೂಪರ್ ಮಾರ್ಕೆಟ್ಟುಗಳೂ ಚೀಟಿ ತೆಗೆದುಕೊಳ್ಳಲಿ, ಒಳಗಿನ ಸದ್ದನ್ನೂ ತಗ್ಗಿಸಲಿ.

ನಾಲ್ಕು ಜನರಿಗಾಗಿ ಅಂಗಡಿಯನ್ನೇ ಬದಲಿಸಬೇಕೇ ಎಂದು ವ್ಯಾಪಾರಿಗಳು ಕೇಳಬಹುದು. ಇಡೀ ದಿನ ಬದಲಿಸಬೇಕಿಲ್ಲ. ಬ್ರಿಟನ್ನಿನ ಮಾರಿಸನ್ಸ್ ಸೂಪರ್ ಮಾರ್ಕೆಟ್ 2018ರಲ್ಲಿ ಶನಿವಾರ ಬೆಳಗ್ಗೆ 9ರಿಂದ 10ರವರೆಗೆ ಹಾಡು ನಿಲ್ಲಿಸಿ, ದೀಪ ಮಂದ ಮಾಡಿ, ಬೀಪ್ ಸದ್ದು ಇಳಿಸಿತು. ನ್ಯೂಜಿಲೆಂಡಿನ ಕೌಂಟ್‌ಡೌನ್ 2019ರಲ್ಲಿ ವಾರಕ್ಕೊಂದು ತಾಸು ಹೀಗೆಯೇ ಮೀಸಲಿಟ್ಟಿತು. ಹಾಡು ನಿಲ್ಲಿಸಲು, ಸೌಂಡ್‌ಬಾಕ್ಸಿನ ದನಿ ಇಳಿಸಲು ಖರ್ಚೇನೂ ಇಲ್ಲ. ವೃದ್ಧರಿಗೂ ಅದು ಹಿತವೇ. ಈ ತಾಸಿಗೆ ಯಾರು ನಿಜವಾಗಿ ಅರ್ಹರೆಂದು ತಿಳಿಯುವುದು ಹೇಗೆಂಬ ಇನ್ನೊಂದು ಪ್ರಶ್ನೆಯೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ತೋರಿಸಿ ಎಂದರೆ ಎಷ್ಟೋ ಜನ ಹೊರಗುಳಿಯುತ್ತಾರೆ. ಕಾರ್ಡ್ ಕೇಳದೆ, ಸಂತೆಯಿಲ್ಲದ ದಿನದ ಒಂದು ತಾಸನ್ನು ಗೊತ್ತುಮಾಡಿ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಮನೆಯವರು ಆ ಹೊತ್ತು ನೋಡಿಕೊಂಡು ಹೊರಡುತ್ತಾರೆ.