ಹದಿನಾರು ಅಧ್ಯಾಯದ್ದೋ, ಹದಿಮೂರರದ್ದೋ?

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕ 2006ರಲ್ಲಿ ಮೊದಲು ಅಚ್ಚಾದಾಗ ಅದರಲ್ಲಿ 16 ಅಧ್ಯಾಯಗಳಿದ್ದವು. 2022ರ ಪರಿಷ್ಕರಣೆಯ ನಂತರ ಅದೇ ಹೆಸರಿನ ಪುಸ್ತಕದಲ್ಲಿ ಉಳಿದದ್ದು 13. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ತಂದೆತಾಯಿ, ನೆಂಟರ ಮನೆಯ ಹಳೇ ಪ್ರತಿ ಸಾಕೋ ಹೊಸದನ್ನೇ ತರಬೇಕೋ ಎಂದು ಯೋಚಿಸುವಾಗ ಈ ವ್ಯತ್ಯಾಸವನ್ನು ಮೊದಲು ತಿಳಿದಿರಬೇಕು.

ಕೋವಿಡ್ ಕಾಲದ ಓದಿನ ಹೊರೆ ಇಳಿಸಲೆಂದು ತೆಗೆದ ಭಾಗಗಳು ಸಣ್ಣವಲ್ಲ. ಧಾತುಗಳ ಆವರ್ತ ಕೋಷ್ಟಕದ ಅಧ್ಯಾಯ ಪೂರ್ತಿ ಹೋಯಿತು. ಅನುವಂಶೀಯತೆಯ ಜೊತೆಗಿದ್ದ ಜೀವವಿಕಾಸ ಹೋಯಿತು. ವಿದ್ಯುತ್ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ, ಜನರೇಟರು ಕೂಡ ಹೋದವು. ಆವರ್ತ ಕೋಷ್ಟಕ ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದಲ್ಲೂ ಜೀವವಿಕಾಸ ಹನ್ನೆರಡರ ಜೀವಶಾಸ್ತ್ರದಲ್ಲೂ ಇವೆ, ನಿಜ. ಆದರೆ ಹತ್ತರ ನಂತರ ವಾಣಿಜ್ಯವನ್ನೋ ಕಲೆಯನ್ನೋ ಆರಿಸಿಕೊಳ್ಳುವ ಮಗುವಿಗೆ ಅವು ಮತ್ತೆ ಸಿಗುವುದಿಲ್ಲ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಹುಟ್ಟುತ್ತಿರುವುದು ಹೇಗೆಂದು ಈ ನಾಡಿನ ಮಗು ಕೇಳಿದರೆ ಉತ್ತರ ಇರುವುದು ಹಳೇ ಪುಸ್ತಕದಲ್ಲಿ.

ಆವರ್ತ ಕೋಷ್ಟಕದ ಆ ಅಧ್ಯಾಯವನ್ನಂತೂ ನಾನು ಯಾವ ಮಗುವಿಗೂ ತಪ್ಪಿಸಲಾರೆ. ರಸಾಯನಶಾಸ್ತ್ರಜ್ಞ ಮೆಂಡಲೀವ್ 1869ರಲ್ಲಿ ಧಾತುಗಳನ್ನು ಜೋಡಿಸಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟ. ಅಲ್ಯೂಮಿನಿಯಮ್ ಕೆಳಗಿನ ಖಾಲಿ ಮನೆಗೆ ಬರುವ ಧಾತುವಿನ ಪರಮಾಣು ತೂಕ ಸುಮಾರು 68 ಇರಬೇಕೆಂದು ಮೊದಲೇ ಹೇಳಿದ. 1875ರಲ್ಲಿ ಗ್ಯಾಲಿಯಮ್ ಸಿಕ್ಕಿತು. ಅದರ ತೂಕ 69.7. ವಿಜ್ಞಾನವೆಂದರೆ ಬರೀ ಉರುಹೊಡೆಯುವುದಲ್ಲ, ಇನ್ನೂ ಕಾಣದ್ದನ್ನು ಲೆಕ್ಕ ಹಾಕಿ ಹೇಳಿ, ಆಮೇಲೆ ಪರೀಕ್ಷೆಗೆ ಒಡ್ಡುವುದು ಎಂಬುದನ್ನು ಹದಿನೈದರ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ತೋರಿಸುವ ಪಾಠ ಇನ್ನೊಂದಿಲ್ಲ.

ಹಾಗೆಂದು ಹಳೆಯದೆಲ್ಲ ಸರಿ ಎಂದಲ್ಲ. ಪ್ಲೂಟೊ 2006ರಲ್ಲೇ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ನಿಹೋನಿಯಮ್, ಮಾಸ್ಕೋವಿಯಮ್, ಟೆನೆಸೈನ್, ಒಗನೆಸಾನ್ ಎಂಬ ನಾಲ್ಕು ಧಾತುಗಳಿಗೆ ಹೆಸರು ಬಂದದ್ದು 2016ರಲ್ಲಿ. ಪ್ಯಾರಿಸ್ ಬಳಿ ಇಟ್ಟಿರುವ ಲೋಹದ ತುಂಡೇ ಕಿಲೋಗ್ರಾಂನ ಅಳತೆಗೋಲು ಎಂದು ಹಳೇ ಪುಸ್ತಕ ಹೇಳಿದರೆ, 2019ರ ಮೇ 20ರಿಂದ ಅದು ತಪ್ಪು. ಈಗ ಕಿಲೋಗ್ರಾಂ ನಿಂತಿರುವುದು ಪ್ಲ್ಯಾಂಕ್ ಸ್ಥಿರಾಂಕದ ಮೇಲೆ. ಇವನ್ನು ಪೆನ್ಸಿಲ್‌ನಲ್ಲಿ ತಿದ್ದಿಕೊಂಡರೆ ಆಯಿತು. ಓಮ್‌ನ ನಿಯಮವೂ ಮಸೂರದ ಸೂತ್ರವೂ ಇಪ್ಪತ್ತು ವರ್ಷಗಳಲ್ಲಿ ಬದಲಾಗಿಲ್ಲ. ಬೇಗ ಹಳತಾಗುವುದು ಜೀವಶಾಸ್ತ್ರ, ಅದರಲ್ಲೂ ತಳಿವಿಜ್ಞಾನ.

ಕೆಲವು ತಪ್ಪುಗಳನ್ನು ಮಗುವಿನ ಕೈಯಿಂದಲೇ ಹಿಡಿಸಬಹುದು. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ಗೆರೆ ಎಳೆದು ತೋರಿಸುವ ಚಿತ್ರ ಹಲವು ಹಳೇ ಪುಸ್ತಕಗಳಲ್ಲಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಸಕ್ಕರೆ ನೀರಿಗೆ ಅದ್ದಿ ನಾಲಿಗೆಯ ಬದಿಗೆ, ಆಮೇಲೆ ತುಸು ಹಿಂದಕ್ಕೆ ಮುಟ್ಟಿಸಿ ನೋಡಿ. ಸಿಹಿ ಅಲ್ಲೂ ತಿಳಿಯುತ್ತದೆ. ಪುಸ್ತಕದ ಮಾತನ್ನು ಒರೆಗೆ ಹಚ್ಚುವ ಅಭ್ಯಾಸ ಹುಟ್ಟುವುದು ಹೀಗೆ. ಪ್ರಯೋಗಗಳ ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಸಲುಗೆ ಬೇಡ: ಪಾದರಸ, ಕಲ್ನಾರು, ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸಲು ಹೇಳುವ ಪ್ರಯೋಗಗಳನ್ನು ಮನೆಯಲ್ಲಿ ಮಾಡಿಸಲೇಬಾರದು.

ಕೊಳ್ಳುವ ಮುನ್ನ ಒಳಪುಟದಲ್ಲಿ ಮುದ್ರಣದ ವಿವರ ಓದಿ. ಮರುಮುದ್ರಣ ಎಂದಷ್ಟೇ ಇದ್ದರೆ ಒಳಗಿನ ಪಾಠ ಬಹುಪಾಲು ಹಳೆಯದೇ. ಪರಿಷ್ಕೃತ ಎಂದಿದ್ದರೆ ಎರಡರ ಪರಿವಿಡಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಪರೀಕ್ಷೆ ಕಟ್ಟುವ ವರ್ಷ, ಪರೀಕ್ಷೆ ನಡೆಸುವ ಮಂಡಳಿಯ ಆ ವರ್ಷದ ಪಠ್ಯಕ್ರಮಕ್ಕೆ ಹೊಂದುವ ಪುಸ್ತಕವೇ ಬೇಕು. ಮುಕ್ತ ಶಾಲೆಯ ಮಂಡಳಿ ಎನ್‌ಐಒಎಸ್‌ಗೆ ಅದರದೇ ಪುಸ್ತಕಗಳಿವೆ, ಕೇಂಬ್ರಿಜ್ ಮಂಡಳಿಗೆ ಅದರದೇ. ಉಳಿದ ವರ್ಷಗಳಲ್ಲಿ ಹೊಸದು ಕೈಯಲ್ಲಿರಲಿ, 16 ಅಧ್ಯಾಯಗಳ ಆ ಹಳೇ ಪ್ರತಿಯನ್ನು ರದ್ದಿಗೆ ಹಾಕಬೇಡಿ.