ಸಾಕೆಟ್ ತಕರಾರು: ಕೆಟ್ಟಿರುವುದು ಕಂಪ್ಯೂಟರಲ್ಲ

ಬೈಲಹೊಂಗಲದ ಡಿಪ್ಲೊಮಾ ವಿದ್ಯಾರ್ಥಿಯೂ ಸವದತ್ತಿಯ ಅವನ ಗೆಳೆಯನೂ ತಮ್ಮ ತಮ್ಮ ಮನೆಯಲ್ಲಿ ಕುಳಿತು ಒಂದು ಪುಟ್ಟ ಪ್ರೋಗ್ರಾಮ್ ಬರೆದರೆನ್ನಿ. ಒಬ್ಬ 'ನಮಸ್ಕಾರ' ಎಂದು ಕಳಿಸಿದರೆ ಇನ್ನೊಬ್ಬನ ಪರದೆಯ ಮೇಲೆ ಅದು ಮೂಡಬೇಕು, ಅಷ್ಟೇ. ಆದರೆ ಮೂಡುವುದು 'ಕನೆಕ್ಷನ್ ಟೈಮ್ಡ್ ಔಟ್'! ಹೊಸ ಕಂಪ್ಯೂಟರೇ ಬೇಕೆಂದು ಮಗನ ಹಟ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲವೆಂದು ತಂದೆಯ ಚಿಂತೆ. ಇಬ್ಬರೂ ತುಸು ತಾಳುವುದು ಲೇಸು.

ಸಾಕೆಟ್ ಎಂದರೆ ಗೋಡೆಯಲ್ಲಿ ಪ್ಲಗ್ಗು ಚುಚ್ಚುವ ಸಾಕೆಟ್ಟಲ್ಲ. ಎರಡು ಪ್ರೋಗ್ರಾಮುಗಳು ಮಾತಾಡುವಾಗ ಆ ಸಂಪರ್ಕದ ಒಂದೊಂದು ತುದಿಗೆ ಈ ಹೆಸರು. 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಿಂದ ಹೊರಬಂದ 4.2 ಬಿ.ಎಸ್.ಡಿ. ಯುನಿಕ್ಸ್‌ನಲ್ಲಿದ್ದ ಪದ್ಧತಿಯೇ ಇಂದಿಗೂ ನಡೆದಿದೆ. ಕಾದು ಕೂಡುವ ಪ್ರೋಗ್ರಾಮು ಸರ್ವರ್, ಕರೆಯುವುದು ಕ್ಲೈಂಟ್. ಐ.ಪಿ. ವಿಳಾಸವನ್ನು ಮನೆಯೆಂದುಕೊಂಡರೆ ಪೋರ್ಟ್ ಸಂಖ್ಯೆ ಅದರ ಬಾಗಿಲು.

'ಕನೆಕ್ಷನ್ ರೆಫ್ಯೂಸ್ಡ್' ಎಂಬುದು ಬೈಗುಳದಂತೆ ಕಂಡರೂ ಅರ್ಧ ಶುಭವಾರ್ತೆ. ಲಿನಕ್ಸ್ ಇದನ್ನು 111 ಎಂದೂ ವಿಂಡೋಸ್ 10061 ಎಂದೂ ಗುರುತಿಸುತ್ತದೆ. ಸಾಮಾನ್ಯವಾಗಿ ಇದರರ್ಥ: ಕರೆ ಮನೆಯ ತನಕ ಮುಟ್ಟಿದೆ, ಆ ಬಾಗಿಲಲ್ಲಿ ಯಾರೂ ಕುಳಿತಿಲ್ಲ. ಸರ್ವರ್ ಶುರುವಾಗಿದೆಯೇ, ಪೋರ್ಟ್ ಎರಡೂ ಕಡೆ ಒಂದೇ ಇದೆಯೇ ನೋಡಬೇಕು. ಸರ್ವರನ್ನು 127.0.0.1ಕ್ಕೆ ಕಟ್ಟಿದ್ದರೂ ಹೀಗೇ. ಆ ವಿಳಾಸದಲ್ಲಿ ಯಂತ್ರ ತನ್ನ ಮಾತನ್ನಷ್ಟೇ ಕೇಳುತ್ತದೆ. ಹೊರಗಿನವರ ಕರೆ ಕೇಳಿಸಲು 0.0.0.0 ಎಂದು ಬದಲಿಸಬೇಕು.

'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಎಂದರೆ ಮೊದಲು ಓಡಿಸಿದ ಸರ್ವರೇ ಬಾಗಿಲು ಹಿಡಿದು ನಿಂತಿದೆ. ಲಿನಕ್ಸ್‌ನಲ್ಲಿ ಅದನ್ನು ನಿಲ್ಲಿಸಿದ ಮೇಲೂ 60 ಸೆಕೆಂಡು ಹೀಗಾಗುವುದುಂಟು.

'ಟೈಮ್ಡ್ ಔಟ್' ಬೇರೆ ಜಾತಿಯದು. ಇಲ್ಲಿ ಉತ್ತರವೇ ಬಂದಿಲ್ಲ. ಫೈರ್‌ವಾಲ್ ನುಂಗಿರಬಹುದು, ವಿಳಾಸವೇ ತಪ್ಪಿರಬಹುದು. ನಮ್ಮ ಗೆಳೆಯರ ತೊಡಕು ಈ ಎರಡನೆಯದು. ಗೆಳೆಯ ಕೊಟ್ಟ 192.168.1.5 ಮನೆಯೊಳಗಿನ ವಿಳಾಸ. ಅಂಥದೇ ವಿಳಾಸ ಕಿತ್ತೂರು, ರಾಮದುರ್ಗಗಳ ಎಷ್ಟೋ ಮನೆಗಳಲ್ಲಿರುತ್ತದೆ. ಎಸ್.ಟಿ.ಡಿ. ಕೋಡ್ ಬಲ್ಲ ಪಾಲಕರಿಗೆ ಇದು ಬೇಗ ತಿಳಿದೀತು: ಆರಂಕಿಯ ದೂರವಾಣಿ ಸಂಖ್ಯೆ ಎರಡೂ ಊರಲ್ಲಿ ಒಂದೇ ಇರಬಹುದು, 08330 ಸೇರಿಸದೆ ಬೈಲಹೊಂಗಲದಿಂದ ಸವದತ್ತಿಗೆ ಕರೆ ಹೋಗದು. ಮನೆಯ ವಿಳಾಸಕ್ಕೆ ಸೇರಿಸಲು ಅಂಥ ಕೋಡೂ ಇಲ್ಲ. ಸಾರ್ವಜನಿಕ ಐ.ಪಿ. ವಿಳಾಸವುಳ್ಳ ಸರ್ವರ್ ಬಾಡಿಗೆಗೆ ಪಡೆಯುವುದು ಒಂದು ದಾರಿ.

ಅದಕ್ಕೂ ಮೊದಲು ಖರ್ಚಿಲ್ಲದ ದಾರಿಯೊಂದಿದೆ. ಒಂದೇ ಯಂತ್ರದಲ್ಲಿ ಸರ್ವರ್, ಕ್ಲೈಂಟ್ ಎರಡನ್ನೂ ಓಡಿಸಿ ನೋಡುವುದು. ಅದು ಸರಿಹೋದರೆ, ಸವದತ್ತಿಯ ಗೆಳೆಯ ರವಿವಾರ ಲ್ಯಾಪ್‌ಟಾಪ್ ಹಿಡಿದು ಬೈಲಹೊಂಗಲದ ಬಸ್ಸು ಹತ್ತಲಿ. ಎರಡನ್ನೂ ಒಂದೇ ರೂಟರಿಗೆ ಜೋಡಿಸಿ ಮತ್ತೊಮ್ಮೆ 'ನಮಸ್ಕಾರ' ಕಳಿಸಲಿ.