ಇಮ್ಮಡಿ ಬೂತುಗ

ಇಮ್ಮಡಿ ಬೂತುಗ (ಆಳ್ವಿಕೆ: ಸು. ಕ್ರಿ.ಶ. ೯೩೮–೯೬೧) ತಲಕಾಡಿನ ಗಂಗ ವಂಶದ ಅರಸ. ಸೋದರನಾದ ಮುಮ್ಮಡಿ ರಾಚಮಲ್ಲನನ್ನು ಕೊಂದು ಪಟ್ಟವೇರಿದ ಈತನು ರಾಷ್ಟ್ರಕೂಟರ ಅಳಿಯನಾಗಿದ್ದನು. ಈತನ ರಾಜಧಾನಿ ತಲಕಾಡು ಇಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿದೆ.

ಹಿನ್ನೆಲೆ

ಎಂಟನೆಯ ಶತಮಾನದ ಕೊನೆಯಲ್ಲಿ ರಾಷ್ಟ್ರಕೂಟರು ಗಂಗ ಅರಸ ಇಮ್ಮಡಿ ಶಿವಮಾರನನ್ನು ಸೆರೆಯಲ್ಲಿಟ್ಟಿದ್ದರು. ಮುಂದೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಹಗೆತನಕ್ಕೆ ಬದಲಾಗಿ ಬೀಗತನವನ್ನು ಆರಿಸಿಕೊಂಡು, ತನ್ನ ಮಗಳು ಚಂದ್ರೋಬಲಬ್ಬೆಯನ್ನು ಒಂದನೆಯ ಬೂತುಗನಿಗೆ ಕೊಟ್ಟನು. ಇವರ ಮಗ ಎರೆಯಪ್ಪ. ನರಸಿಂಹ, ರಾಚಮಲ್ಲ ಮತ್ತು ಇಮ್ಮಡಿ ಬೂತುಗ ಎರೆಯಪ್ಪನ ಮಕ್ಕಳು.

ಪಟ್ಟಕ್ಕಾಗಿ ಕಲಹ

ನರಸಿಂಹನ ನಂತರ ರಾಚಮಲ್ಲನು ಅರಸನಾದನು. ಬೂತುಗನು ರಾಷ್ಟ್ರಕೂಟ ಬದ್ದೆಗನ (ಮುಮ್ಮಡಿ ಅಮೋಘವರ್ಷ) ಆಶ್ರಯ ಪಡೆದು, ಅವನ ಮಗಳು ರೇವಕನಿಮ್ಮಡಿಯನ್ನು ವಿವಾಹವಾದನು. ಮಾವನ ಮನೆಯ ಸೈನ್ಯಬಲದಿಂದ ರಾಚಮಲ್ಲನನ್ನು ಕೊಂದು ಗಂಗವಾಡಿ ೯೬೦೦೦ಕ್ಕೆ ಒಡೆಯನಾದನು.

ಈ ಘಟನೆಯನ್ನು ಶಾಸನಗಳು ಬೇರೆ ಬೇರೆ ಬಗೆಯಲ್ಲಿ ಹೇಳುತ್ತವೆ. ರಾಷ್ಟ್ರಕೂಟರ ದೇವಳಿ ತಾಮ್ರಶಾಸನವು (ಕ್ರಿ.ಶ. ೯೪೦) ಗಂಗರಾಜ್ಯವನ್ನು ತೋಟಕ್ಕೆ ಹೋಲಿಸಿ, ಕೆಟ್ಟ ಮರವನ್ನು ಕಿತ್ತು ಒಳ್ಳೆಯ ಮರವನ್ನು ನೆಟ್ಟ ಕೀರ್ತಿಯನ್ನು ಕೃಷ್ಣನಿಗೆ ಕೊಡುತ್ತದೆ. ಆತಕೂರು ಶಾಸನವಾದರೋ ಬೂತುಗನು ಎರೆಯಪ್ಪನ ಮಗನಾದ ರಾಚಮಲ್ಲನನ್ನು ಕಾದಿ ಕೊಂದನೆಂದು ನೇರವಾಗಿ ತಿಳಿಸುತ್ತದೆ.

ಬದ್ದೆಗನು ತೀರಿಕೊಂಡಾಗ ಬೂತುಗನು ಋಣ ತೀರಿಸಿದನು. ಲಲ್ಲೆಯನೆಂಬುವನ ವಶದಲ್ಲಿದ್ದ ಛತ್ರ, ಸಿಂಹಾಸನಗಳನ್ನು ಕಿತ್ತುಕೊಂಡು, ರೇವಕನಿಮ್ಮಡಿಯ ಸೋದರ ಮುಮ್ಮಡಿ ಕೃಷ್ಣನಿಗೆ ಒಪ್ಪಿಸಿದನೆಂದು ಗಂಗರ ಶಾಸನಗಳು ಹೇಳುತ್ತವೆ.

ತಕ್ಕೋಲಂ ಕದನ

ಕ್ರಿ.ಶ. ೯೪೯ರಲ್ಲಿ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ ಬೂತುಗನು ಜೊತೆಗಿದ್ದು, ತಕ್ಕೋಲಂನಲ್ಲಿ ಚೋಳ ಯುವರಾಜ ರಾಜಾದಿತ್ಯನನ್ನು ಕೊಂದನು. ಆತಕೂರು ಶಾಸನದ ಸಾಲನ್ನು ಮೊದಲು ಓದಿದ ವಿದ್ವಾಂಸರು ಇದನ್ನು ವಂಚನೆಯ ಕೊಲೆಯೆಂದು ಅರ್ಥೈಸಿದ್ದರು. ಆನೆಯ ಅಂಬಾರಿಯೇ ರಣಕಣವಾಯಿತು ಎಂಬುದು ಅನಂತರ ಒಪ್ಪಿತವಾದ ಅರ್ಥ. ರಾಜಾದಿತ್ಯನು ಆನೆಯ ಮೇಲೆ ಮಡಿದನೆಂಬ ಚೋಳರ ದಾಖಲೆಗಳೂ ಇದನ್ನೇ ಬೆಂಬಲಿಸುತ್ತವೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ದೊರೆತ ಈ ಶಾಸನವು ಬೂತುಗನ ಸೇವಕ ಮಣಲೆರನ ಶೌರ್ಯವನ್ನೂ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ಸ್ಮರಿಸುತ್ತದೆ.

ಉಡುಗೊರೆಯೋ ಬಳುವಳಿಯೋ

ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦ ಮತ್ತು ಬಾಗೆನಾಡು ೭೦ ಪ್ರಾಂತ್ಯಗಳನ್ನು ಕೃಷ್ಣನು ಯುದ್ಧದ ಮೆಚ್ಚುಗೆಯಾಗಿ ಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಆದರೆ ಇವುಗಳಲ್ಲಿ ಬನವಾಸಿಯನ್ನು ಬಿಟ್ಟು ಉಳಿದ ನಾಲ್ಕು ರೇವಕನಿಮ್ಮಡಿಯ ಮದುವೆಯ ಬಳುವಳಿ ಎನ್ನುತ್ತದೆ ಹೆಬ್ಬಾಳ ಶಾಸನ (ಕ್ರಿ.ಶ. ೯೭೫). ಮೆಚ್ಚುಗೆಯ ಕೊಡುಗೆಯಾದರೆ ಅದು ಸಾಮಂತನ ಸೇವೆಗೆ ಸಂದ ಫಲ. ಬಳುವಳಿಯಾದರೆ ರಾಣಿಯ ಮೂಲಕ ಬಂದ ಹಕ್ಕು. ಗಂಗರು ತಮ್ಮನ್ನು ಸಾಮಂತರೆಂದಲ್ಲದೆ ಬೀಗರೆಂದೂ ಕಂಡುಕೊಂಡಿದ್ದುದಕ್ಕೆ ಇದು ಸಾಕ್ಷಿ.

ಕುಟುಂಬ ಮತ್ತು ಉತ್ತರಾಧಿಕಾರ

ಬೂತುಗನ ಅಕ್ಕ ಪಾಂಬಬ್ಬೆ ಜೈನ ಸನ್ಯಾಸಿನಿಯಾಗಿ ಮೂವತ್ತು ವರ್ಷ ತಪಸ್ಸು ಮಾಡಿ ಕ್ರಿ.ಶ. ೯೭೧ರಲ್ಲಿ ದೇಹ ಬಿಟ್ಟಳೆಂದು ಕಡೂರಿನ ಶಾಸನ ತಿಳಿಸುತ್ತದೆ. ರೇವಕನಿಮ್ಮಡಿಯ ಮಗ ಮರುಳದೇವನು ಕೃಷ್ಣನ ಅಳಿಯನಾದನು. ಅವನ ನಂತರ ಪಟ್ಟವು ಬೂತುಗನ ಇನ್ನೊಬ್ಬ ರಾಣಿಯ ಮಗ ಇಮ್ಮಡಿ ಮಾರಸಿಂಹನಿಗೆ ಬಂದಿತು.

ಕ್ರಿ.ಶ. ೯೭೩ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ಸೋಲಿಸಿದಾಗ, ಮಾರಸಿಂಹನು ತನ್ನ ಸೋದರಳಿಯನೂ ಕೃಷ್ಣನ ಮೊಮ್ಮಗನೂ ಆದ ನಾಲ್ವಡಿ ಇಂದ್ರನಿಗೆ ಪಟ್ಟ ಕಟ್ಟಲು ಯತ್ನಿಸಿ ವಿಫಲನಾದನು. ಅನಂತರ ಮಾರಸಿಂಹನು ಬಂಕಾಪುರದಲ್ಲಿಯೂ, ಕ್ರಿ.ಶ. ೯೮೨ರಲ್ಲಿ ಇಂದ್ರನು ಶ್ರವಣಬೆಳಗೊಳದಲ್ಲಿಯೂ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟರು. ಬೂತುಗನಿಗೆ ಪಟ್ಟ ತಂದುಕೊಟ್ಟ ನಂಟು ಅವನ ಮಗನ ಕಾಲದಲ್ಲಿ ಎರಡೂ ಮನೆತನಗಳ ಸಂಕಟವನ್ನು ಒಂದಾಗಿಸಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ವಶವಾಯಿತು.